ವೆನಿಸಿಗೆ ಹತ್ತಿರ, ಬನಶಂಕರಿಗೆ ದೂರ

ಬನದ ಹುಣ್ಣಿಮೆ ಕಳೆದು ವಾರವಾಗಿತ್ತು. ಬನಶಂಕರಿ ಜಾತ್ರೆಯಲ್ಲಿ ತೇರಿನ ಗದ್ದಲ ಇಳಿದಿದ್ದರೂ ನಾಟಕ ಕಂಪನಿಗಳ ಮುಂದಿನ ಗದ್ದಲ ಇಳಿದಿರಲಿಲ್ಲ. ಟಿಕೆಟ್ಟಿನ ಪಾಳಿಯಲ್ಲಿ ನನ್ನ ಮುಂದೆ ನಿಂತಿದ್ದವರು ರಬಕವಿ ಕಡೆಯ ಹಿರಿಯ ನೇಕಾರರೊಬ್ಬರು. ಮಗ್ಗಕ್ಕೆ ನಾಲ್ಕು ದಿನ ರಜೆ ಕೊಟ್ಟು ಬಂದಿದ್ದರು. ರಾತ್ರಿಗೊಂದು ಕಂಪನಿಯಂತೆ ನಾಲ್ಕೂ ನಾಟಕ ನೋಡಿಯೇ ಊರಿಗೆ ಮರಳುವುದು ಅವರ ಬಹುಕಾಲದ ರೂಢಿ. ಮಾತು ಸಿನಿಮಾದ ಕಡೆ ಹೊರಳಿ, ಉಮಾಶ್ರೀ ಹೆಸರು ಬಂದೊಡನೆ ಅವರ ಮುಖ ಅರಳಿತು. "ನಮ್ಮ ತೇರದಾಳಕ್ಕ ಎಮ್ಮೆಲ್ಲೆ ಆಗಿದ್ರಲ್ರೀ, ಗೊತ್ತಿಲ್ದೇನ" ಎಂದರು. ಆಕೆಗೆ ರಾಷ್ಟ್ರಪ್ರಶಸ್ತಿ ತಂದ 'ಗುಲಾಬಿ ಟಾಕೀಸ್' ನೋಡಿದ್ದೀರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಕಾಸರವಳ್ಳಿಯವರ ಪಿಚ್ಚರ್ ಹೌದಲ್ರೀ? ಪೇಪರಿನ್ಯಾಗ ಓದೇನ್ರಿ. ನಮ್ಮ ಕಡಿ ಅವು ಎಲ್ಲಿ ಬರ್ತಾವ್ರೀ?"

ಆ ಸಿನಿಮಾ ಬೇಸರ ಎಂದು ಅವರು ಅನ್ನಲಿಲ್ಲ, ತಿಳಿಯುವುದಿಲ್ಲ ಎಂದೂ ಅನ್ನಲಿಲ್ಲ. ಬರುವುದಿಲ್ಲ ಎಂದರು. ಗಿರೀಶ ಕಾಸರವಳ್ಳಿಯವರ ಚಿತ್ರಜೀವನದ ಬಗ್ಗೆ ನಮ್ಮಲ್ಲಿ ನಡೆಯುವ ಜಗಳದಲ್ಲಿ ಹೊಗಳುವವರೂ ತೆಗಳುವವರೂ ಈ ಮಾತನ್ನು ದಾಟಿಯೇ ಮುಂದೆ ಹೋಗುತ್ತಾರೆ. ನನಗೆ ಇದನ್ನು ದಾಟಲು ಆಗಿಲ್ಲ.

ಹೊಗಳುವವರ ಬಳಿ ಹೇಳಲು ಬಹಳವಿದೆ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಹುಟ್ಟಿದ ಹುಡುಗ ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಆ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ. ಅನಂತಮೂರ್ತಿಯವರ ಕಥೆ ಆಧರಿಸಿದ ಮೊದಲ ಚಿತ್ರ 'ಘಟಶ್ರಾದ್ಧ' 1977ರ ಸ್ವರ್ಣಕಮಲ ಗೆದ್ದಿತು. ಆಮೇಲೆ 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ': ಒಟ್ಟು ನಾಲ್ಕು ಸಲ ಅವರ ಚಿತ್ರ ದೇಶದ ಅತ್ಯುತ್ತಮ ಚಿತ್ರವೆನಿಸಿತು. 2003ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವ ಅವರ ಚಿತ್ರಗಳನ್ನು ಒಟ್ಟಾಗಿ ತೋರಿಸಿ ಗೌರವಿಸಿತು. 2011ರಲ್ಲಿ ಪದ್ಮಶ್ರೀ ಬಂತು. ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಫಿಲ್ಮ್ ಫೌಂಡೇಶನ್ ನಮ್ಮ ದೇಶದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ ಹಳೆಯ ನೆಗೆಟಿವ್‌ನಿಂದ 'ಘಟಶ್ರಾದ್ಧ'ಕ್ಕೆ ಮರುಜೀವ ಕೊಟ್ಟಿತು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದ ಪರದೆಯ ಮೇಲೆ ಬೆಳಗಿತು. ಒಬ್ಬ ಬಾಲವಿಧವೆಯ ಕಥೆ, ಕಪ್ಪು-ಬಿಳುಪಿನಲ್ಲಿ, ನಲವತ್ತೇಳು ವರ್ಷಗಳ ನಂತರ.

ತೆಗಳುವವರ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ, ಏಕೆಂದರೆ ನಾನು ಬದುಕುತ್ತಿರುವ ಊರೇ ಅವರ ಪರ ಸಾಕ್ಷಿ ಹೇಳುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ರಾಮಾಯಣವಿದೆ, ಮಹಾಭಾರತವಿದೆ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿ ಉಳಿದಿದೆ, ಬಿರುದಿನ ಸಮೇತ. ಆತನ ಕಾಲದ ಅತ್ಯುನ್ನತ ಕಲೆ ಇದು. ಆದರೂ ಅಕ್ಷರ ಬಾರದವನು ಕೈಮುಗಿದು ಒಳಗೆ ಹೆಜ್ಜೆಯಿಟ್ಟರೆ ಕಥೆ ಕಣ್ಣಳತೆಯಲ್ಲೇ ಸಿಗುತ್ತಿತ್ತು. ಕಲೆ ಜನ ಓಡಾಡುವ ದಾರಿಯಲ್ಲಿತ್ತು. ಕಾಸರವಳ್ಳಿಯವರ ಸಿನಿಮಾ ಜನರ ದಾರಿಯಲ್ಲಿ ಇಲ್ಲವಲ್ಲ ಎಂದು ಕೇಳಿದರೆ ಅದು ಅಸೂಯೆಯ ಪ್ರಶ್ನೆಯಾಗುವುದಿಲ್ಲ. ಸರ್ಕಾರದ ಸಹಾಯಧನ, ಪ್ರಶಸ್ತಿ, ಉತ್ಸವ ಎಲ್ಲವೂ ಜನರ ಹೆಸರಿನಲ್ಲೇ ನಡೆಯುವಾಗ ಆ ಚಿತ್ರ ಜನರನ್ನು ಮುಟ್ಟಿತೇ ಎಂದು ಕೇಳುವ ಹಕ್ಕು ಜನರಿಗಿದೆ.

ಎರಡನೆಯ ದೂರು ಚಿತ್ರಗಳ ಗತಿಯ ಬಗ್ಗೆ. ಕ್ಯಾಮೆರಾ ಒಂದು ಬಾಗಿಲ ಮುಂದೆ ನಿಂತರೆ ನಿಂತೇ ಇರುತ್ತದೆ, ಪಾತ್ರ ಮೌನವಾದರೆ ಮಾತಾಡುವುದೇ ಇಲ್ಲ ಎನ್ನುತ್ತಾರೆ. ಹಾರ್ಮೋನಿಯಂ ಪೆಟ್ಟಿಗೆ, ಹಾಸ್ಯದ ತುಣುಕು, ಎದೆಗೆ ಬಡಿಯುವ ಮಾತು ಇವುಗಳ ಮೇಲೆ ಬೆಳೆದ ಬಯಲುಸೀಮೆಯ ಪ್ರೇಕ್ಷಕನಿಗೆ ಇದು ಕಷ್ಟವೇ. ಮೂರನೆಯದು ನಮ್ಮ ಕಡೆಯ ಓದುಗರ ಪಿಸುಮಾತು. ಕಾಸರವಳ್ಳಿಯವರದು ಮಲೆನಾಡಿನ ಕಣ್ಣು, ಮಳೆ ಮತ್ತು ಮೌನದ ಕಣ್ಣು. ನಮ್ಮ ಬಿಸಿಲು, ನಮ್ಮ ಗಡುಸು ಮಾತು ಆ ಕಣ್ಣಿಗೆ ಪೂರ್ತಿ ಹಿಡಿದಿಲ್ಲ ಎನ್ನುವುದು.

ಈ ಮೂರನೆಯ ದೂರನ್ನು ಮಾತ್ರ ನಾನು ಒಪ್ಪಲಾರೆ. 'ತಾಯಿ ಸಾಹೇಬ' (1997) ರಂ. ಶಾ. ಲೋಕಾಪುರ ಅವರ ಕಾದಂಬರಿಯಿಂದ ಬಂದದ್ದು. ಉತ್ತರ ಕರ್ನಾಟಕದ ವಾಡೆಯೊಂದರಲ್ಲಿ ನಡೆಯುವ ಕಥೆ. ಗಂಡ ದೇಶದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಾನೆ, ಹೆಂಡತಿಗೆ ಮನೆಯ ಹೊಸ್ತಿಲೊಳಗೆ ಸ್ವಾತಂತ್ರ್ಯವಿಲ್ಲ. ಜಮಖಂಡಿ, ಮುಧೋಳ ಸಂಸ್ಥಾನಗಳ ನೆರಳಲ್ಲಿ ಬೆಳೆದವರಿಗೆ ಆ ವಾಡೆಯ ಕತ್ತಲು ಎಷ್ಟು ನಿಜ ಎಂದು ಗೊತ್ತು. ಜಯಮಾಲಾ ಸ್ವತಃ ಹಣ ಹಾಕಿ ಆ ಚಿತ್ರ ಮಾಡಿಸಿ, ಮುಖ್ಯ ಪಾತ್ರವನ್ನೂ ಹೊತ್ತರು. 'ಕನಸೆಂಬ ಕುದುರೆಯನೇರಿ' (2010) ಅಮರೇಶ ನುಗಡೋಣಿಯವರ 'ಸವಾರಿ' ಕಥೆಯಿಂದ ಬಂದದ್ದು. ಕುಣಿ ತೋಡುವ ಇರ್ಯಾನಿಗೆ ಕನಸಿನಲ್ಲಿ ಸಿದ್ಧ ಕಂಡರೆ ಊರಲ್ಲಿ ಸಾವಾಗುತ್ತದೆ ಎಂಬ ನಂಬಿಕೆ. ಒಂದು ದಿನ ಕನಸು ಬೀಳುತ್ತದೆ, ಆದರೆ ಸಾವಿನ ಸುದ್ದಿ ಬರುವುದಿಲ್ಲ. ಗೌಡ ತೀರಿಕೊಂಡಿದ್ದರೂ ಮನೆಯವರು ಆಸ್ತಿಯ ವ್ಯವಹಾರಕ್ಕಾಗಿ ಸುದ್ದಿಯನ್ನೇ ಮುಚ್ಚಿಟ್ಟಿರುತ್ತಾರೆ. ಬಡವನ ಕನಸನ್ನು ಸುಳ್ಳು ಮಾಡುವಷ್ಟು ಉಳ್ಳವರ ಕೈ ಉದ್ದವಾಗಿದೆ ಎಂದು ಇಷ್ಟು ಸರಳವಾಗಿ ಹೇಳಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಹಾಸ್ಯನಟರೆಂದೇ ನಾವೆಲ್ಲ ನಕ್ಕು ಮರೆತಿದ್ದ ವೈಜನಾಥ ಬಿರಾದಾರ ಅಲ್ಲಿ ಇರ್ಯಾನಾಗಿ ನಿಂತ ರೀತಿ, ಅವರ ಹೆಂಡತಿಯಾಗಿ ಉಮಾಶ್ರೀ ಕೂತ ರೀತಿ ನೋಡಿದರೆ, ಇದು ಹೊರಗಿನವರ ಕಣ್ಣು ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಅದೇ ಚಿತ್ರ ಎರಡನೆಯ ದೂರಿಗೆ ಪುಷ್ಟಿಯನ್ನೂ ಕೊಡುತ್ತದೆ. ಕಥೆ ನೇರವಾಗಿ ಸಾಗುವುದಿಲ್ಲ. ನಡೆದದ್ದು ಮತ್ತೆ ಇನ್ನೊಂದು ಬದಿಯಿಂದ ನಡೆಯುತ್ತದೆ, ನೋಡುವವನು ಹಿಂದು ಮುಂದು ತಾನೇ ಕೂಡಿಸಿಕೊಳ್ಳಬೇಕು. ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂದದ್ದು ಈ ಹೆಣಿಗೆಗೇ. ಯಾರ ಬದುಕನ್ನು ಕುರಿತು ಚಿತ್ರ ಮಾಡಿದ್ದಾರೋ ಆ ಇರ್ಯಾನಂಥವನು ಎದುರು ಕೂತರೆ ಇದನ್ನು ಹಿಡಿದಾನೆಯೇ? ಹಿಡಿಯುತ್ತಾನೆ ಎನ್ನುವವರು ನಮ್ಮ ಬಯಲಾಟವನ್ನು ತೋರಿಸುತ್ತಾರೆ. ಅಲ್ಲಿಯೂ ಸತ್ತವನು ಎದ್ದು ಮಾತಾಡುತ್ತಾನೆ, ಒಂದೇ ಗಳಿಗೆ ಎರಡು ಸಲ ನಡೆಯುತ್ತದೆ, ಜನ ಬೆಳತನಕ ಕೂತು ನೋಡುತ್ತಾರೆ. ಅದು ನಿಜ. ಆದರೆ ಬಯಲಾಟಕ್ಕೆ ಸಾರಥಿ ಇದ್ದಾನೆ, ಕೈಹಿಡಿದು ನಡೆಸಲು. ಕಾಸರವಳ್ಳಿಯವರ ಚಿತ್ರದಲ್ಲಿ ಸಾರಥಿಯಿಲ್ಲ. ಪ್ರೇಕ್ಷಕನನ್ನು ಸಮಾನನೆಂದು ಭಾವಿಸಿ ಅವರು ಆತನ ಕೈ ಬಿಟ್ಟಿದ್ದಾರೆ. ಆ ಗೌರವ ದೊಡ್ಡದು, ಅದರ ಬೆಲೆಯೂ ದೊಡ್ಡದು.

ಹಾಗಿದ್ದರೂ ನಾನೊಂದು ಭಾನುವಾರ ಮಧ್ಯಾಹ್ನವನ್ನು ಮರೆತಿಲ್ಲ. ಆಗ ದೂರದರ್ಶನ ಒಂದೇ ಇತ್ತು, ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ಭಾನುವಾರ ತೋರಿಸುತ್ತಿದ್ದರು. ಓಣಿಗೆ ಒಂದು ಟಿವಿ. ಕನ್ನಡದ ಪಾಳಿ ಬಂದ ದಿನ ಕೋಣೆ ತುಂಬಿ ಕಟ್ಟೆಯವರೆಗೂ ಜನ. ಆ ದಿನ ಬಂದದ್ದು 'ತಬರನ ಕಥೆ', ತೇಜಸ್ವಿಯವರದು. ಚಾರುಹಾಸನ್ ತಬರ. ನಿವೃತ್ತಿ ವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕ, ಮನೆಯಲ್ಲಿ ಕಾಲು ಕೊಳೆಯುತ್ತಿರುವ ಹೆಂಡತಿ. ಹಾಡಿಲ್ಲ, ಹೊಡೆದಾಟವಿಲ್ಲ. ಎದ್ದು ಹೋದವರು ಇದ್ದರು, ಹುಡುಗರು ಮೊದಲು ಹೋದರು. ಆದರೆ ಕೂತವರು ಕೊನೆಯವರೆಗೂ ಕೂತರು, ಅವರಲ್ಲಿ ಹೆಚ್ಚಿನವರು ಮುದುಕರು. ಚಿತ್ರ ಮುಗಿದ ಮೇಲೆ ನಮ್ಮ ಕಾಕಾ ಒಬ್ಬರು, ಭೂಮಿಯ ಕಾಗದಕ್ಕಾಗಿ ವರ್ಷಗಟ್ಟಲೆ ಅಲೆದವರು, ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡು, "ಇಂವಾ ನನ್ನ ಹಿಂದ ಹಿಂದ ತಿರಗ್ಯಾಡಿ ಬರದಾನೋ ಏನೋ" ಅಂದರು. ಜನರಿಗೆ ಇದು ಹಿಡಿಸುವುದಿಲ್ಲ ಎಂದು ಯಾರಾದರೂ ಖಚಿತವಾಗಿ ಹೇಳಿದಾಗಲೆಲ್ಲ ನನಗೆ ಆ ಧೋತರದ ಅಂಚು ನೆನಪಾಗುತ್ತದೆ.

ಇನ್ನು 'ದ್ವೀಪ'. ನಾ. ಡಿಸೋಜರ ಕಾದಂಬರಿ, 2002ರ ಚಿತ್ರ. ಅಣೆಕಟ್ಟಿನ ನೀರು ಏರುತ್ತಿದೆ. ಊರವರು ಪರಿಹಾರ ಪಡೆದು ಒಬ್ಬೊಬ್ಬರಾಗಿ ಹೊರಡುತ್ತಾರೆ. ಗಣಪ, ಅವನ ಹೆಂಡತಿ ನಾಗಿ, ಮುದಿ ತಂದೆ ದುಗ್ಗಜ್ಜ ಗುಡ್ಡದ ಮೇಲಿನ ಮನೆಯಲ್ಲಿ ಉಳಿಯುತ್ತಾರೆ. ಸುತ್ತ ನೀರು, ಮೇಲೆ ಮಳೆ. ಮನೆ ಉಳಿಸಲು ನಾಗಿ ಜೀವ ಒತ್ತೆಯಿಟ್ಟು ಹೋರಾಡುತ್ತಾಳೆ. ನೀರು ಇಳಿದ ಮೇಲೆ ಗಂಡ ಅದೆಲ್ಲ ದೇವರ ದಯೆ ಎಂದುಬಿಡುತ್ತಾನೆ. ಆಗ ಸೌಂದರ್ಯ ಅವರ ಮುಖದ ಮೇಲೆ ಹಾದುಹೋಗುವ ನೆರಳಿದೆಯಲ್ಲ, ನೀರಿನಲ್ಲಿ ಮುಳುಗಿದ್ದಕ್ಕಿಂತ ದೊಡ್ಡ ಮುಳುಗಡೆ ಅದು. ತೆಲುಗಿನಲ್ಲಿ ಜನಪ್ರಿಯತೆಯ ತುದಿಯಲ್ಲಿದ್ದ ನಟಿ ತಾನೇ ನಿರ್ಮಾಪಕಿಯಾಗಿ ಈ ಚಿತ್ರ ಮಾಡಿದರು. ಎರಡು ವರ್ಷದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮಳೆಯನ್ನು ಅಷ್ಟು ಹತ್ತಿರದಿಂದ ಹಿಡಿದ ಛಾಯಾಗ್ರಾಹಕ ಎಚ್. ಎಂ. ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಈ ಚಿತ್ರ ತಯಾರಾಗುತ್ತಿದ್ದ ಕಾಲಕ್ಕೆ ಸರಿಯಾಗಿ ನಮ್ಮ ಜಿಲ್ಲೆಯಲ್ಲಿ ಏನು ನಡೆದಿತ್ತು? ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರಿಗೆ ಏರುವ ಹೊತ್ತು. ಘಟಪ್ರಭೆಯ ದಂಡೆಯ ಹಳೆ ಬಾಗಲಕೋಟೆಯ ಓಣಿಗಳಿಗೆ ಹಿನ್ನೀರು ನುಗ್ಗುತ್ತಿತ್ತು. ಜನ ತಮ್ಮ ಕೈಯಾರೆ ಮನೆ ಬಿಚ್ಚಿ, ಅಜ್ಜನ ಕಾಲದ ತೊಲೆ, ಬಾಗಿಲು, ಚೌಕಟ್ಟುಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ನವನಗರದ ಅಂಕಿ ಬರೆದ ಸೆಕ್ಟರುಗಳಿಗೆ ಹೋಗುತ್ತಿದ್ದರು. ಹಳ್ಳಿಗಳಿಗೆ ಹಳ್ಳಿಗಳೇ ಎದ್ದವು. ಪರಿಹಾರದ ಕಾಗದ ಹಿಡಿದ ತಬರರು ಕಚೇರಿಯ ಕಟ್ಟೆ ತುಂಬಿದ್ದರು. ಶರಾವತಿಯ ಹಿನ್ನೀರಿನ ನೆನಪಿನಿಂದ ಹುಟ್ಟಿದ ಆ ಕಥೆ ಕೃಷ್ಣೆಯ ಹಿನ್ನೀರಿನವರದೂ ಆಗಿತ್ತು, ಅದೂ ಅದೇ ವರ್ಷಗಳಲ್ಲಿ. ಆ ಚಿತ್ರ ದೇಶದ ಅತ್ಯುತ್ತಮ ಚಿತ್ರವಾಯಿತು, ಹೊರದೇಶಗಳಿಗೆ ಹೋಯಿತು. ನಾನು ಕೇಳಿದ ಮುಳುಗಡೆ ಸಂತ್ರಸ್ತರಲ್ಲಿ ಅದನ್ನು ಪರದೆಯ ಮೇಲೆ ನೋಡಿದವರು ಒಬ್ಬರೂ ಸಿಗಲಿಲ್ಲ. ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ತನ್ನ ದುಃಖಕ್ಕೆ ಸಿಕ್ಕ ಮಾತನ್ನು ಕೇಳದೆಯೇ ಒಂದು ಊರು ಮುಳುಗಿತು.

ಇದರ ಹೊಣೆ ನಿರ್ದೇಶಕರದೇ? ಇಲ್ಲಿ ಅವರ ಟೆಲಿವಿಷನ್ ಕೆಲಸವನ್ನು ತೂಗಬೇಕು. ಭೈರಪ್ಪನವರ 'ಗೃಹಭಂಗ'ವನ್ನು ಅವರು ಈಟಿವಿ ಕನ್ನಡಕ್ಕೆ ಧಾರಾವಾಹಿಯಾಗಿ ಮಾಡಿದರು. ಪ್ಲೇಗು, ಬಡತನ, ಗಂಡನ ಮೂರ್ಖತನ, ಅತ್ತೆಯ ಬಾಯಿ ಇವುಗಳ ನಡುವೆ ಸಂಸಾರ ಎಳೆಯುವ ನಂಜಮ್ಮನಾಗಿ ಮಾಳವಿಕಾ. ಗಂಭೀರ ಕಲೆ ಮನೆಮನೆಗೆ ಹೋಗಬಲ್ಲದು ಎಂಬುದಕ್ಕೆ ಅದು ಗಟ್ಟಿ ಪುರಾವೆ. ಇನ್ನೂ ಹತ್ತಿರದ ಪುರಾವೆ ಅವರ ಮನೆಯಲ್ಲೇ ಇತ್ತು. ಅವರ ಪತ್ನಿ ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ 'ಮೂಡಲ ಮನೆ' ನಮ್ಮ ಭಾಷೆಯಲ್ಲೇ ಮಾತಾಡಿತು. ಆ ಹೊತ್ತಿಗೆ ನಮ್ಮ ಕಡೆಯ ಹೆಂಗಸರು ರೊಟ್ಟಿ ಹಂಚು ಇಳಿಸಿ ಟಿವಿ ಮುಂದೆ ಬಂದು ಕೂಡುತ್ತಿದ್ದರು. ಹಾಗಾದರೆ ಕಾಸರವಳ್ಳಿಯವರು ಆ ದಾರಿಯಲ್ಲಿ ಇನ್ನಷ್ಟು ದೂರ ನಡೆಯಬಹುದಿತ್ತಲ್ಲ ಎಂದು ಕೇಳಿದರೆ, ಹೌದು, ನಡೆಯಬಹುದಿತ್ತು ಎಂದೇ ನನ್ನ ಉತ್ತರ. ನಾಲ್ಕು ದಶಕಕ್ಕೂ ಮಿಕ್ಕಿದ ಅವಧಿಯಲ್ಲಿ ಹದಿನೈದರಷ್ಟು ಚಿತ್ರ ಮಾಡಿದ ಅವರು ಕಿರುತೆರೆಗೆ ಕೊಟ್ಟದ್ದು ಕಡಿಮೆ. ಈ ಮಟ್ಟಿಗೆ ದೂರು ನಿಲ್ಲುತ್ತದೆ.

ಆದರೆ ಟಿವಿಯ ಬಗ್ಗೆ ಅವರು ಯೋಚಿಸದೆ ಬಿಟ್ಟವರಲ್ಲ. 'ಗುಲಾಬಿ ಟಾಕೀಸ್' (2008) ಇಡೀ ಚಿತ್ರವೇ ಆ ಯೋಚನೆ. ವೈದೇಹಿಯವರ ಕಥೆಯನ್ನು ತೊಂಬತ್ತರ ದಶಕದ ಕೊನೆಗೆ ತಂದು, ಕುಂದಾಪುರದ ಮೀನುಗಾರರ ಕೇರಿಯಲ್ಲಿ ಇರಿಸಿದರು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ ಮನೆಯವರಿಂದ ಡಿಶ್ ಸಮೇತ ಬಣ್ಣದ ಟಿವಿ ಸಿಗುತ್ತದೆ. ಟಾಕೀಸಿಗೆ ಹೋಗಲಾರದ ಹೆಂಗಸರು ಅವಳ ಗುಡಿಸಲಿಗೆ ಬರುತ್ತಾರೆ. ಕೆಲವರು ಒಳಗೆ ಬಂದು, ಕೆಲವರು ಹೊಸ್ತಿಲಾಚೆ ನಿಂತು ನೋಡುತ್ತಾರೆ, ಏಕೆಂದರೆ ಗುಲಾಬಿ ಮುಸ್ಲಿಮಳು. ಜನರನ್ನು ಒಂದು ಕಡೆ ಕೂರಿಸುವ ಪೆಟ್ಟಿಗೆಯೇ ಕಾರ್ಗಿಲ್ ಕಾಲದ ಸುದ್ದಿಯನ್ನೂ ತರುತ್ತದೆ, ಕೇರಿಯ ಗಾಳಿ ಕೆಡುತ್ತದೆ. ಮೂಲ ಕಥೆಯಲ್ಲಿ ಇಲ್ಲದ ಕೋಮು ಬಿಗುವನ್ನು ಸೇರಿಸಿದ್ದು ಸರಿಯೇ ಎಂದು ಓದುಗರು ಆಗಲೂ ಕೇಳಿದ್ದರು, ಈಗಲೂ ಕೇಳುತ್ತಾರೆ. ಕಥೆಗಾರ್ತಿಯ ನವುರು ಸ್ವಲ್ಪ ಕಳೆಯಿತು ಎಂದು ನನಗೂ ಅನಿಸುತ್ತದೆ. ಆದರೂ ಮನೆಮನೆಗೆ ಮುಟ್ಟುವುದೇ ಪರಮಗುರಿಯಲ್ಲ, ಮುಟ್ಟಿ ಏನು ಮಾಡುತ್ತದೆ ಎಂಬುದೂ ಮುಖ್ಯ ಎಂದು ಹೇಳಲು ಅವರಿಗೆ ಆ ಬದಲಾವಣೆ ಬೇಕಿತ್ತು. ಮೊಬೈಲಿನ ಸುದ್ದಿಯಿಂದ ಓಣಿ ಓಣಿಗಳು ಕದಡುವ ಈ ದಿನಗಳಲ್ಲಿ ಆ ಚಿತ್ರ ಇನ್ನೂ ಮುಂದಿನದಾಗಿ ಕಾಣುತ್ತದೆ. ಮುಂದಿನದನ್ನು ಕಾಣುವುದು ಅವರಿಗೆ ಹೊಸತಲ್ಲ. ಬಾನು ಮುಷ್ತಾಕರ ಕಥೆಗಳಿಗೆ 2025ರಲ್ಲಿ ಜಗತ್ತು ಅಂತರರಾಷ್ಟ್ರೀಯ ಬುಕರ್ ಕೊಟ್ಟಿತು. ಅವರ 'ಕರಿ ನಾಗರಗಳು' ಕಥೆಯನ್ನು ಕಾಸರವಳ್ಳಿ 2004ರಲ್ಲೇ 'ಹಸೀನಾ' ಮಾಡಿದ್ದರು.

ಮತ್ತೆ ನಮ್ಮ ಗುಡಿಗಳಿಗೆ ಬರುತ್ತೇನೆ. ಪಟ್ಟದಕಲ್ಲು ವಿಶ್ವ ಪರಂಪರೆಯ ತಾಣವಾದದ್ದು 1987ರಲ್ಲಿ. ಈಗ ಸುತ್ತ ಬೇಲಿಯಿದೆ, ಬಾಗಿಲಲ್ಲಿ ಟಿಕೆಟ್ಟಿದೆ. ದೂರದೇಶದವರು ಪುಸ್ತಕ ಹಿಡಿದು ಕಂಬ ಕಂಬದ ಮುಂದೆ ನಿಲ್ಲುತ್ತಾರೆ, ಊರಿನ ಹುಡುಗರು ಹೊರಗೆ ಎಳನೀರು ಮಾರುತ್ತಾರೆ. ಗುಡಿಗಳಿಗೆ ರಕ್ಷಣೆ ಬೇಕಿತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಊರಿಗೂ ಕಂಬಗಳ ಕಥೆಗೂ ನಡುವೆ ಬೇಲಿ ಹಾಕಿದವನು ಗುಂಡ ಅನಿವಾರಿತಾಚಾರಿಯಲ್ಲ. ಅವನು ಕೆತ್ತಿದ್ದು ಹಾಗೇ ಇದೆ. ಕಾಸರವಳ್ಳಿಯವರ ವಿಷಯದಲ್ಲಿ ನನ್ನ ತೀರ್ಮಾನವೂ ಹೆಚ್ಚುಕಡಿಮೆ ಇದೇ. ಅವರ ಚಿತ್ರಗಳು ಕಷ್ಟವೆಂಬುದು ಅರ್ಧ ನಿಜ. 'ಮನೆ'ಯಂಥ ಚಿತ್ರ ನಮ್ಮ ಕಡೆ ಹಿಡಿಸಲಿಕ್ಕಿಲ್ಲ, 'ಕ್ರೌರ್ಯ'ವೂ ಹಾಗೆಯೇ. ಆದರೆ ತಬರ, ನಾಗಿ, ಇರ್ಯಾ, ತಾಯಿ ಸಾಹೇಬ ಈ ಸೀಮೆಗೂ ಸೇರಿದವರೇ. ಅವರನ್ನು ಇಲ್ಲಿಯ ಜನ ಒಲ್ಲೆನೆನ್ನಲಿಲ್ಲ, ದೂರದರ್ಶನದ ಆ ಭಾನುವಾರ ಬಿಟ್ಟರೆ ಇಲ್ಲಿಯ ಜನರಿಗೆ ಅವರನ್ನು ಯಾರೂ ತೋರಿಸಲಿಲ್ಲ. ವಿತರಕರಿಗೆ ಲಾಭವಿಲ್ಲ, ಟಾಕೀಸುಗಳು ಒಂದೊಂದಾಗಿ ಗೋದಾಮು, ಕಲ್ಯಾಣಮಂಟಪವಾದವು, ಉತ್ಸವಗಳು ಹೆಚ್ಚಾಗಿ ಬೆಂಗಳೂರು ದಾಟಲಿಲ್ಲ. ಮುಟ್ಟಿಸುವ ಕೆಲಸ ನಿರ್ದೇಶಕನೊಬ್ಬನ ಹೆಗಲಿನದಲ್ಲ. ಮುಟ್ಟಬೇಕೆಂದು ಅವರು ತಮ್ಮ ಚಿತ್ರದ ಉಸಿರನ್ನೇ ಬದಲಿಸಿಕೊಂಡಿದ್ದರೆ ವೆನಿಸೂ ಇರುತ್ತಿರಲಿಲ್ಲ, ನಮ್ಮ ಕಾಕಾನ ಕಣ್ಣೀರೂ ಇರುತ್ತಿರಲಿಲ್ಲ.

'ತಾಯಿ ಸಾಹೇಬ'ದ ಜಯಮಾಲಾ, 'ಗುಲಾಬಿ ಟಾಕೀಸ್'ನ ಉಮಾಶ್ರೀ, ಇಬ್ಬರೂ ಮುಂದೆ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಸಚಿವರಾದವರು. ಆ ಚಿತ್ರಗಳ ಬೆಲೆ ಗೊತ್ತಿರುವವರು ವಿಧಾನಸೌಧದಲ್ಲಿ ಕೂತಿದ್ದರು ಎಂದ ಮೇಲೆ ನಾನು ಕೇಳುವುದು ಆಗದ ಮಾತೇನಲ್ಲ. ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸುವ ಮಾತು ಜೋರಾಗಿದೆ, ಇನ್ನಷ್ಟು ಊರುಗಳು ಏಳಬೇಕಾಗಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಇದೇ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ನುಗ್ಗಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಚಾಲುಕ್ಯ ಉತ್ಸವ ನಡೆಸುವವರು ಒಂದು ರಾತ್ರಿಯನ್ನು 'ದ್ವೀಪ'ಕ್ಕೆ ಕೊಡಲಿ. ನವನಗರದ ಒಂದು ಮೈದಾನದಲ್ಲಿ, ಬೀಳಗಿಯ ಪುನರ್ವಸತಿ ಕೇಂದ್ರವೊಂದರ ಶಾಲೆಯ ಅಂಗಳದಲ್ಲಿ ಬಿಳಿ ಪರದೆ ಕಟ್ಟಲಿ. ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳ ಸಾಲಿನ ತುದಿಗೆ ಒಂದು ಡೇರೆ ಹಾಕಿ, 'ಕನಸೆಂಬ ಕುದುರೆಯನೇರಿ' ತೋರಿಸಲಿ, ಮೊದಲು ಒಬ್ಬರು ಎದ್ದು ನಿಂತು ನಮ್ಮ ಮಾತಿನಲ್ಲಿ ನಾಲ್ಕು ಮಾತು ಹೇಳಲಿ. ನೋಡಿದ ಮೇಲೆ ಜನ ಬೇಡವೆಂದರೆ ಬೇಡ, ಆ ತೀರ್ಪನ್ನು ನಾನೂ ಒಪ್ಪುತ್ತೇನೆ. ರಬಕವಿಯ ಆ ನೇಕಾರರು ಮುಂದಿನ ಬನದ ಹುಣ್ಣಿಮೆಗೂ ಬರುತ್ತಾರೆ.